ಕಾಕನಕೋಟೆಯ ಕಾಡು ಮತ್ತು ಮೂರು ಚಿತ್ರಗಳು



ಕಳೆದ ತಿಂಗಳು ನಮಗೊಂದು ಪತ್ರ ಬಂದಿತು. ಬರೆದವರು ನಮ್ಮ ಪತ್ರಿಕೆಯ ಹಳೆಯ ಚಂದಾದಾರರು. ತುಂಬಿದ ಮನೆಯ ಹಿರಿಯ ಗೃಹಿಣಿ. ಮಕ್ಕಳು ಮೊಮ್ಮಕ್ಕಳು ಬಿಡುವಿನ ಹೊತ್ತನ್ನೆಲ್ಲ ಚಲನಚಿತ್ರ ನೋಡುವುದರಲ್ಲಿಯೇ ಕಳೆಯುತ್ತಾರೆಂದೂ, ಮೊದಲಾದರೆ ಟೆಂಟಿಗೆ ಹೋಗಿ ನೋಡಬೇಕಾಗಿದ್ದುದು ಈಗ ಅಂಗೈಯಲ್ಲಿಯೇ ಬಂದು ಕುಳಿತಿದೆಯೆಂದೂ ಬರೆದು, "ಮಠದಲ್ಲಿ ಓದಿ ಬೆಳೆದ ತಾವು ಇದಕ್ಕೆ ಏನು ಹೇಳುತ್ತೀರಿ? ನಾವು ತಡೆಯಬೇಕೆ, ಬಿಡಬೇಕೆ?" ಎಂದು ಕೇಳಿದ್ದಾರೆ.

ಆ ತಾಯಿಗೆ ಉತ್ತರ ಹೇಳುವ ಮೊದಲು ನಾವೊಂದು ಮಾತನ್ನು ಒಪ್ಪಿಕೊಳ್ಳಬೇಕು. ಚಲನಚಿತ್ರದ ಮೋಹ ನಮಗೂ ಇದೆ. ಅರುವತ್ತು ದಾಟಿದ ಮೇಲೂ ಅದು ಬಿಟ್ಟಿಲ್ಲ. ಆದುದರಿಂದ ನೋಡಬಾರದೆಂದು ಬೋಧಿಸುವ ಅಧಿಕಾರ ನಮಗಿಲ್ಲ. ಹೇಗೆ ನೋಡಬೇಕೆಂಬುದನ್ನು ಮಾತ್ರ ನಮಗೆ ಗುರುಗಳೊಬ್ಬರು ಒಮ್ಮೆ ಕಲಿಸಿದರು. ಆ ಪಾಠವನ್ನು, ನಮ್ಮ ಹುಟ್ಟುನೆಲಕ್ಕೆ ಸೇರಿದ ಮೂರು ಚಿತ್ರಗಳ ನೆಪದಲ್ಲಿ, ಈ ಸಲ ನಿವೇದಿಸುತ್ತೇವೆ.

ನಮ್ಮದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು. ಕೋಟೆಯಿಂದ ಮಾನಂದವಾಡಿಯ ದಾರಿ ಹಿಡಿದರೆ ಅಂತರಸಂತೆ, ಅದನ್ನು ದಾಟಿದರೆ ಕಾರಾಪುರ, ಅಲ್ಲಿಂದ ಮುಂದೆ ಕಾಡು. ಭೀಮನಕೊಲ್ಲಿಯ ಮಹದೇಶ್ವರನ ದರ್ಶನಕ್ಕೆ ಹೋದ ನಮ್ಮ ಓದುಗರು ಅಲ್ಲಿ ಹರಡಿರುವ ಕಬಿನಿಯ ಹಿನ್ನೀರನ್ನು ಕಂಡಿರಬಹುದು. ಆ ನೀರಿನಡಿಯಲ್ಲಿ ಕಾಕನಕೋಟೆಯ ಕಾಡಿನ ಒಂದು ಪಾಲು ಮಲಗಿದೆ. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಆದಾಗ ಹಳ್ಳಿಗಳು, ಹಾಡಿಗಳು, ಹೊಲಗದ್ದೆಗಳು ಮುಳುಗಿದವು. ಹೊಳೆಗೆ ಅಡ್ಡಲಾಗಿ ಕಾಡಾನೆಗಳ ಹಿಂಡನ್ನು ಅಟ್ಟಿ ಹಿಡಿಯುತ್ತಿದ್ದ ಖೆಡ್ಡಾದ ನೆಲವೂ ಈಗ ಮೊದಲಿನಂತಿಲ್ಲ. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ನಮಗಾಗ ಹತ್ತರ ಪ್ರಾಯ. ದೊಡ್ಡವರು ನೋಡಿ ಬಂದು ಜಗಲಿಯ ಮೇಲೆ ಕುಳಿತು ಆಡಿದ ಮಾತುಗಳು ನೆನಪಿವೆಯೇ ಹೊರತು ನಾವು ಕಣ್ಣಾರೆ ಕಂಡುದಿಲ್ಲ.

ಅದಾದ ಮೇಲೆ ನಮ್ಮನ್ನು ಮಠದ ಪ್ರಸಾದನಿಲಯಕ್ಕೆ ಸೇರಿಸಿದರು. ಅಲ್ಲಿ ಸಿನೆಮಾ ನಿಷಿದ್ಧ. ಆದರೆ ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕಿ, ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ಹಾಡು ಹಾಕಿದರೆ ಯಾವ ನಿಷೇಧ ನಿಂತೀತು? 'ಗಂಧದ ಗುಡಿ' ಚಿತ್ರ ಬಂದಿದೆಯೆಂಬ ಸುದ್ದಿ ಹಬ್ಬಿದ ದಿನ ನಾವು ನಾಲ್ವರು ಹುಡುಗರು ರಾತ್ರಿಯ ಪ್ರಸಾದವಾದ ಮೇಲೆ ಹಿತ್ತಲ ಗೋಡೆ ಹಾರಿ ಹೋದೆವು. ನೆಲದ ಟಿಕೆಟ್ಟು. ಮುಂದೆ ಕುಳಿತವರ ತಲೆಗಳ ಸಂದಿನಲ್ಲಿ ನೋಡಿದೆವು.

1973ರಲ್ಲಿ ತೆರೆ ಕಂಡ ಆ ಚಿತ್ರದ ನಿರ್ದೇಶಕರು ವಿಜಯ್. ನಿರ್ಮಿಸಿದವರು ಮೈಸೂರಿನ ಕುಸ್ತಿಯ ಅಖಾಡದಿಂದ ಬಂದ ಎಂ. ಪಿ. ಶಂಕರ್. ಗಂಧದ ಮರ ಕದಿಯುವವರನ್ನೂ ಕಾಡುಮೃಗಗಳನ್ನು ಕೊಲ್ಲುವವರನ್ನೂ ಎದುರಿಸುವ ಅರಣ್ಯಾಧಿಕಾರಿಯಾಗಿ ರಾಜಕುಮಾರ್ ಅಭಿನಯಿಸಿದ್ದರು; ಎದುರಿಗೆ ವಿಷ್ಣುವರ್ಧನ್. ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಕಾಡು ಕಡಿಯುವುದಕ್ಕೂ ಬೇಟೆಗೂ ಮಾತ್ರ ಎಂದು ತಿಳಿದಿದ್ದ ನಾಡಿಗೆ, ಕಾಡು ಕಾಯುವುದಕ್ಕೆ ಎಂದು ಆ ಚಿತ್ರ ಹೇಳಿತು. ಪಿ. ಬಿ. ಶ್ರೀನಿವಾಸರ ಕಂಠದಲ್ಲಿ ನಾಡಿನ ಹಾಡು ಕೇಳಿದಾಗ ಡೇರೆಯಲ್ಲಿದ್ದ ಜನ ಮೌನವಾದುದು ನಮಗೆ ಇಂದಿಗೂ ನೆನಪಿದೆ. ವಿಧಿಯ ವೈಚಿತ್ರ್ಯವನ್ನೂ ನೋಡಿರಿ: ತೆರೆಯ ಮೇಲೆ ಗಂಧದ ಕಳ್ಳರನ್ನು ಹಿಡಿದ ಅದೇ ರಾಜಕುಮಾರರನ್ನು 2000ದ ಜುಲೈ 30ರಂದು ಗಾಜನೂರಿನ ಮನೆಯಿಂದ ಗಂಧಚೋರ ವೀರಪ್ಪನ್ ಅಪಹರಿಸಿ 108 ದಿನ ಕಾಡಿನಲ್ಲಿಟ್ಟುಕೊಂಡನು.

ಆ ರಾತ್ರಿ ಮರಳಿ ಗೋಡೆ ಹಾರುವಾಗ ಗುರುಗಳು ಲಾಟೀನು ಹಿಡಿದು ಅಲ್ಲಿಯೇ ನಿಂತಿದ್ದರು. ಹೊಡೆಯಲಿಲ್ಲ, ಗದರಲಿಲ್ಲ. ಬೆಳಗಿನ ಪಾಠದ ಹೊತ್ತಿಗೆ ನಮ್ಮನ್ನು ಎದುರಿಗೆ ನಿಲ್ಲಿಸಿಕೊಂಡು, "ನೋಡಿ ಬಂದಿರಲ್ಲ, ಏನು ನೋಡಿದಿರಿ? ಹೇಳಿರಿ" ಎಂದರು. ನಾವು ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಸಿದುಕೊಂಡು ಕಥೆ ಹೇಳಿದೆವು. ಕೇಳಿ ಮುಗಿಸಿ ಅವರು, "ಕಥೆ ಸರಿ. ಅಷ್ಟು ದೊಡ್ಡ ಕಾಡನ್ನು ತೋರಿಸಿದರೆಂದಿರಿ. ಆ ಕಾಡಿನಲ್ಲಿ ಹುಟ್ಟಿದವರು ಯಾರಾದರೂ ಇದ್ದರೆ? ಅವರ ಹೆಸರೇನು?" ಎಂದು ಕೇಳಿದರು. ನಾಲ್ವರೂ ತಲೆ ತಗ್ಗಿಸಿದೆವು. ನಾವು ನಾಯಕನನ್ನು ನೋಡಿದ್ದೆವು, ಖಳನನ್ನು ನೋಡಿದ್ದೆವು, ಆನೆಯನ್ನು ನೋಡಿದ್ದೆವು. ಅವರು ಕೇಳಿದವರನ್ನು ನೋಡಿರಲಿಲ್ಲ.

"ಯಾವುದನ್ನೇ ನೋಡಿದರೂ ಎರಡು ಸಲ ನೋಡಬೇಕು. ಒಂದು ಸಲ ಕಥೆಗಾಗಿ. ಇನ್ನೊಂದು ಸಲ, ಯಾರ ದುಡಿಮೆ ಇಲ್ಲಿದೆ, ಯಾರ ಹೆಸರು ಇಲ್ಲಿಲ್ಲ ಎಂಬುದಕ್ಕಾಗಿ" ಎಂದು ಹೇಳಿ, ಶಿಕ್ಷೆಯಾಗಿ ಒಂದು ವಾರ ದಾಸೋಹದ ಪಾತ್ರೆಗಳನ್ನು ತೊಳೆಯಲು ನಮ್ಮನ್ನು ಹಚ್ಚಿದರು. ಕಾಯಕದ ಮಾತನ್ನು ಅವರು ಉಪದೇಶಿಸಿದ ರೀತಿ ಅದು.

ಆ ಮಾತು ನಮ್ಮ ಎದೆಗೆ ತಾಗಿದ್ದು ಕೆಲವು ವರ್ಷಗಳ ತರುವಾಯ, ಎರಡನೆಯ ಚಿತ್ರ ನೋಡಿದಾಗ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ಕಾಕನಕೋಟೆ' ಎಂಬ ನಾಟಕವನ್ನು ಬರೆದಿದ್ದಾರೆ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲ, ಎಂದರೆ 17ನೆಯ ಶತಮಾನದ ನಡುಭಾಗ. ಕಾಡುಕುರುಬರ ಮೇಲೆ ಕೋಟೆಯ ಹೆಗ್ಗಡೆ ಹೇರುವ ಕರಭಾರ, ಅವರ ನಾಯಕ ಕಾಚ ಅದಕ್ಕೆ ತಲೆಬಾಗದೆ ನಿಲ್ಲುವುದು, ಮೈಸೂರಿನ ಅರಸರವರೆಗೆ ಆ ನ್ಯಾಯ ಹೋಗುವುದು ಅದರ ವಸ್ತು. ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿ ಊರೂರು ತಿರುಗಿದ ಮಾಸ್ತಿಯವರು, ಕಂದಾಯ ವಸೂಲು ಮಾಡುವವನ ಕಡೆಯಿಂದಲ್ಲ, ಕೊಡಲಾರದವನ ಕಡೆಯಿಂದ ಬರೆದರೆಂಬುದೇ ಅದರ ಹಿರಿಮೆ. ಬೆಂಗಳೂರಿನ ನಟರಂಗ ತಂಡದವರು ಅದನ್ನು ಆಡಿ ಹೆಸರಾದರು. 1977ರಲ್ಲಿ ಸಿ. ಆರ್. ಸಿಂಹ ಅವರು ಅದನ್ನೇ ಚಲನಚಿತ್ರವಾಗಿ ನಿರ್ದೇಶಿಸಿದರು. ಗಾಯಕರೆಂದು ನಾವೆಲ್ಲ ಬಲ್ಲ ಸಿ. ಅಶ್ವತ್ಥ್ ಅವರು ಚಲನಚಿತ್ರಕ್ಕೆ ಸಂಗೀತ ನೀಡಲಾರಂಭಿಸಿದ್ದೂ ಇದರಿಂದಲೇ.

ಕಾಚನಾಗಿ ಅಭಿನಯಿಸಿದವರು ಲೋಕೇಶ್. ಅವರ ತಂದೆ ಸುಬ್ಬಯ್ಯ ನಾಯ್ಡು ಅವರು 1934ರ 'ಸತಿ ಸುಲೋಚನಾ' ಚಿತ್ರದಲ್ಲಿ, ಎಂದರೆ ಕನ್ನಡ ತೆರೆ ಮೊಟ್ಟಮೊದಲು ಮಾತಾಡಿದಾಗ, ಇಂದ್ರಜಿತುವಾಗಿ ನಟಿಸಿದವರು. ತಂದೆ ಅಸುರ ಕುಲದ ರಾಜಕುಮಾರನಾದರೆ ಮಗ ಕಾಡಿನ ಕುಲದ ಹಿರಿಯನಾದರು. ಲೋಕೇಶರು ಕಾಚನನ್ನು ದೀನನಾಗಿ ತೋರಲಿಲ್ಲ. ಅರಸನ ಮುಂದೆಯೂ ತನ್ನ ಕಾಡಿನಲ್ಲಿ ನಿಂತವನಂತೆಯೇ ನಿಂತರು. ಇಂದು ಹಳೆಯ ಕನ್ನಡ ಚಿತ್ರಗಳ ಮಾತು ಬಂದರೆ ಈ ಚಿತ್ರದ ಹಾಡನ್ನು ನೆನೆಯುವವರು ಸಿಗುತ್ತಾರೆ, ಚಿತ್ರವನ್ನು ನೆನೆಯುವವರು ವಿರಳ. ಇದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಮೈಸೂರಿನಲ್ಲಿ ಆ ಚಿತ್ರ ನೋಡುತ್ತ ಕುಳಿತಿದ್ದಾಗ ಮೊದಮೊದಲು ನಮಗೂ ಎಲ್ಲರಂತೆ ಹೆಗ್ಗಡೆಯ ಮೇಲೆ ಕೋಪ ಬಂದಿತು. ಆಮೇಲೆ, ಹೇಳಲು ಸಂಕೋಚವಾಗುತ್ತದೆ, ಅವನ ಚಾವಡಿ ನಮ್ಮ ಮನೆಯ ಜಗಲಿಯಂತೆ ಕಾಣತೊಡಗಿತು. ನಮ್ಮ ತಾತನವರು ಊರ ಪಟೇಲರಾಗಿದ್ದರು. ನಿತ್ಯವೂ ಲಿಂಗಪೂಜೆ ಮಾಡಿ, ಬಂದ ಜಂಗಮರಿಗೆ ಪ್ರಸಾದ ಮಾಡಿಸದೆ ತಾವು ಉಣ್ಣದವರು. ಊರಿನಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಹಾಡಿಯ ಜೇನುಕುರುಬರು ಜೇನು, ಸೀಗೆಕಾಯಿ, ಅಂಟುವಾಳ ಹೊತ್ತು ತಂದು ನಮ್ಮ ಅಂಗಳದಲ್ಲಿ ಇಳಿಸುತ್ತಿದ್ದರು; ಜಗಲಿಯನ್ನು ಹತ್ತುತ್ತಿರಲಿಲ್ಲ. ಬದಲಿಗೆ ಅವರಿಗೆ ಸಿಗುತ್ತಿದ್ದುದು ರಾಗಿ, ಹಳೆಯ ಪಂಚೆ, ಹೊಗೆಸೊಪ್ಪು. ಅಳೆಯುವ ಸೇರು ನಮ್ಮದು, ತೂಗುವ ಕಲ್ಲೂ ನಮ್ಮದು. ಖೆಡ್ಡಾ ನಡೆದಾಗ ತಮಟೆ ಬಡಿಯಲು, ಬೆಂಕಿ ಕಾಯಲು ಹಾಡಿಯಿಂದ ಇಷ್ಟು ಆಳು ಬರತಕ್ಕದ್ದೆಂದು ಜಗಲಿಯಿಂದಲೇ ಹೇಳಿ ಕಳುಹಿಸುತ್ತಿದ್ದರು. ಬಂದವರ ಹೆಸರನ್ನು ಯಾರೂ ಕೇಳಿದ ನೆನಪಿಲ್ಲ. ಇಂಥ ಹಾಡಿಯಿಂದ ಇಷ್ಟು ತಲೆ ಎಂಬ ಲೆಕ್ಕ ಮಾತ್ರ.

ತಾತನವರು ಕೆಟ್ಟವರಾಗಿರಲಿಲ್ಲ. ಅದೇ ನಮ್ಮನ್ನು ಹೆಚ್ಚು ಕಾಡಿತು. ಒಳ್ಳೆಯವರೆಂದು ಹೆಸರಾದವರ ಅಂಗಳದಲ್ಲಿಯೂ ಅನ್ಯಾಯ ಸದ್ದಿಲ್ಲದೆ ನಡೆಯಬಲ್ಲದೆಂಬುದನ್ನು ನಮಗೆ ಕಲಿಸಿದ್ದು ಒಂದು ಚಲನಚಿತ್ರ. ಊರಿಗೆ ಹೋದಾಗ ತಂದೆಯವರಲ್ಲಿ ಈ ಮಾತೆತ್ತಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಕಾಲ ಹಾಗಿತ್ತು ಕಣಪ್ಪ" ಎಂದರು. ಮರುವರ್ಷ ಜೇನು ತಂದವನನ್ನು ಜಗಲಿಗೆ ಕರೆದು ಕೂರಿಸಿ, ಹೆಸರು ಕೇಳಿ, ಪೇಟೆಯ ದರದಂತೆ ಹಣ ಎಣಿಸಿ ಕೊಟ್ಟರೆಂದು ತಾಯಿಯವರಿಂದ ತಿಳಿಯಿತು. ತಂದೆಯವರು ಆ ಚಿತ್ರವನ್ನು ನೋಡಿರಲೇ ಇಲ್ಲ.

ಇನ್ನು ಮೂರನೆಯದು. ಇದು ಮೂರರಲ್ಲಿಯೂ ಹಳೆಯದು, ನಾವು ನೋಡಿದ್ದು ಮಾತ್ರ ತೀರ ಇತ್ತೀಚೆಗೆ. ತಂಗಿಯ ಮೊಮ್ಮಗ ಒಂದು ಸಂಜೆ, "ತಾತ, ನಮ್ಮ ಕಾರಾಪುರದ ಹುಡುಗನೊಬ್ಬ ಹಾಲಿವುಡ್‌ನಲ್ಲಿ ಹೀರೋ ಆಗಿದ್ದನಂತೆ, ನಿಮಗೆ ಗೊತ್ತೆ?" ಎಂದು ಕೇಳಿದನು. ಹೆಸರು ಕೇಳಿದ್ದೆವು, ಚಿತ್ರ ಕಂಡಿರಲಿಲ್ಲ. ತನ್ನ ಫೋನಿನಲ್ಲಿ ಅವನೇ ತೋರಿಸಿದನು. ಅದು 1937ರ ಇಂಗ್ಲಿಷ್ ಚಿತ್ರ, 'ಎಲಿಫೆಂಟ್ ಬಾಯ್'.

ಅದರ ಹುಡುಗನೇ ಸಾಬು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದವನು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ರಡ್ಯಾರ್ಡ್ ಕಿಪ್ಲಿಂಗರ ಆನೆಯ ಕಥೆಯೊಂದನ್ನು ಚಿತ್ರಿಸಲು ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ ಅವರ ಸಂಸ್ಥೆ ರಾಬರ್ಟ್ ಫ್ಲಾಹರ್ಟಿಯವರನ್ನು 1935ರಲ್ಲಿ ಮೈಸೂರಿಗೆ ಕಳುಹಿಸಿತು. ಹಿಮದ ನಾಡಿನ ಬೇಟೆಗಾರರ ಬದುಕನ್ನು 1922ರಲ್ಲಿಯೇ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರದಲ್ಲಿ ಸೆರೆಹಿಡಿದು ಜಗತ್ತಿನಲ್ಲಿ ಹೆಸರಾದವರು ಅವರು. ಅರಮನೆಯ ಆನೆಲಾಯದಲ್ಲಿದ್ದ ಈ ಹುಡುಗ ಅವರ ತಂಡದ ಕಣ್ಣಿಗೆ ಬಿದ್ದನು. ಅರಮನೆಯ ಐರಾವತ ಎಂಬ ಆನೆಯೇ ಕಥೆಯ ಕಾಳನಾಗನಾಯಿತು. ಸರ್ಕಾರ ಚಿತ್ರಕ್ಕೆಂದೇ ಖೆಡ್ಡಾ ಏರ್ಪಡಿಸಿತು. ನಮ್ಮ ಕಾಡಿನಲ್ಲಿ ಹಿಂಡು ಹಿಂಡಾಗಿ ಆನೆಗಳು ನೀರಿಗೆ ನುಗ್ಗುವ ಆ ದೃಶ್ಯಗಳು ನಿಜವಾದವು.

ಆದರೆ ಇಡೀ ಚಿತ್ರ ಅಂಥದಲ್ಲ. ಫ್ಲಾಹರ್ಟಿಯವರು ವರ್ಷಕ್ಕೂ ಮೀರಿ ಇಲ್ಲಿದ್ದು ರಾಶಿ ರಾಶಿ ರೀಲು ತೆಗೆದರೂ ಕಥೆ ಸಾಲದೆಂದು, ಉಳಿದುದನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ತಾನ್ ಕೊರ್ಡಾ ಅವರು ಚಿತ್ರಿಸಿದರು. ಒಂದು ಚಿತ್ರಕ್ಕೆ ಇಬ್ಬರು ನಿರ್ದೇಶಕರು. ಇಬ್ಬರಿಗೂ 1937ರಲ್ಲಿ ವೆನಿಸ್ ಚಿತ್ರೋತ್ಸವದ ನಿರ್ದೇಶನ ಪ್ರಶಸ್ತಿ ಬಂದಿತು. ಬಯಲಿನ ದೃಶ್ಯ ಬಂದಾಗ ಗಾಳಿ, ಬಿಸಿಲು, ಮಾವುತನ ಅಂಕುಶ ಎಲ್ಲವೂ ನಮ್ಮವು. ಒಳಾಂಗಣದ ದೃಶ್ಯ ಬಂದೊಡನೆ, ಮುಖಕ್ಕೆ ಬಣ್ಣ ಬಳಿದುಕೊಂಡ ಆಂಗ್ಲ ನಟರು ನಮ್ಮವರ ವೇಷದಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಮಾವುತರ ಹಿರಿಯನಾದ 'ಮಾಚುವಾ ಅಪ್ಪ'ನೂ ಒಬ್ಬ ಆಂಗ್ಲನೇ. ಈ ಹೊಲಿಗೆ ಎದ್ದು ಕಾಣುತ್ತದೆ. ಅದನ್ನು ಕಾಣಿಸದಂತೆ ಮಾಡುವವನು ಸಾಬು ಒಬ್ಬನೇ. ಅವನು ನಟಿಸುವುದಿಲ್ಲ. ಆನೆಯ ಕಾಲ ಬಳಿ ನಿಂತು ಅದರೊಡನೆ ಮಾತಾಡುವಾಗ, ಮನೆಯ ಹಿರಿಯಣ್ಣನೊಡನೆ ತಮ್ಮ ಮಾತಾಡುವಂತೆ ಕಾಣುತ್ತದೆ.

ಆ ಹುಡುಗನನ್ನು ಅವರು ಕರೆದುಕೊಂಡು ಹೋದರು. 'ದಿ ಥೀಫ್ ಆಫ್ ಬಾಗ್ದಾದ್' (1940), 'ಜಂಗಲ್ ಬುಕ್' (1942) ಚಿತ್ರಗಳಿಂದ ಅವನ ಹೆಸರು ಲೋಕವೆಲ್ಲ ಹರಡಿತು. ಅಮೆರಿಕೆಯ ಪೌರನಾಗಿ, ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಪದಕ ಪಡೆದನು. 1963ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಕೇವಲ 39 ವರ್ಷ. ಭಾರತದ ಯಾವ ಚಿತ್ರದಲ್ಲಿಯೂ ಅವನು ಅಭಿನಯಿಸಲಿಲ್ಲ. ಇಂದು ಕಾರಾಪುರದಲ್ಲಿ ಮಹಾರಾಜರ ಬೇಟೆಯ ಬಂಗಲೆ ಪ್ರವಾಸಿಗರ ವಸತಿಯಾಗಿದೆ; ಆನೆ, ಹುಲಿ ನೋಡಲು ದೇಶವಿದೇಶಗಳ ಜನ ಬರುತ್ತಾರೆ. ಆದರೆ ನಮ್ಮ ಹಳ್ಳಿಗಳ ಹುಡುಗರನ್ನು ಸಾಬು ಯಾರೆಂದು ಕೇಳಿದರೆ ಬಲ್ಲವರು ಕಡಿಮೆ.

ಈ ಚಿತ್ರ ನೋಡಿದ ಕೆಲವು ದಿನಗಳ ಮೇಲೆ ಭೀಮನಕೊಲ್ಲಿಗೆ ಹೋಗಿದ್ದೆವು. ಪೂಜೆ ಮುಗಿಸಿ ಹಿನ್ನೀರಿನ ದಡದ ಮರದ ನೆರಳಿಗೆ ಬಂದಾಗ ಅಲ್ಲೊಬ್ಬರು ವೃದ್ಧರು ಕುಳಿತಿದ್ದರು. ಆನೆಶಿಬಿರದಲ್ಲಿ ಕಾವಾಡಿಯಾಗಿ ದುಡಿದು ನಿವೃತ್ತರಾದ ಜೇನುಕುರುಬರು. ಮಾತು ಆನೆಗಳ ಕಡೆ ಹರಿಯಿತು. ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನನ ನೆನಪು ಬಂದಿತು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಆ ಆನೆ ನಮ್ಮ ಬಳ್ಳೆ ಶಿಬಿರದಲ್ಲಿ ಬಾಳಿ, 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆಯೊಡನೆ ಹೋರಾಡುತ್ತ ಅಸುನೀಗಿದ್ದನ್ನು ಓದುಗರು ಬಲ್ಲರು. ಆ ಮಾತಾಡುವಾಗ ಅವರ ಕಣ್ಣು ತುಂಬಿತು. ಜೊತೆಗಿದ್ದ ಹುಡುಗನಿಗೆ ಹೇಳಿ, ಹಳೆಯ ಚಿತ್ರದ ಖೆಡ್ಡಾದ ಭಾಗವನ್ನು ಅವರಿಗೆ ತೋರಿಸಿದೆವು.

ಅವರು ಸಾಬುವನ್ನು ನೋಡಲಿಲ್ಲ, ಆನೆಗಳನ್ನೂ ನೋಡಲಿಲ್ಲ. ಮೊದಲು ನೋಡಿದ್ದು ಹೊಳೆಯನ್ನು. "ಬುದ್ದಿ, ಇದು ನಮ್ ಹೊಳೆ. ನೀರು ನಿಲ್ಸೋಕ್ ಮುಂಚೆ ಹಿಂಗೇ ಇತ್ತು" ಎಂದರು. ಬಳಿಕ, ಆನೆಗಳ ಹಿಂದೆ ತಮಟೆ ಬಡಿಯುತ್ತ, ಕೂಗುತ್ತ ಓಡುವ ಜನ ಕಂಡರು. ವೃದ್ಧರು ಥಟ್ಟನೆ ಹುಡುಗನ ಕೈ ಹಿಡಿದು, "ನಿಲ್ಸಪ್ಪ" ಎಂದರು. ಅವರ ತಂದೆಯವರೂ ಬಿಳಿ ದೊರೆಗಳು ಕಪ್ಪು ಪೆಟ್ಟಿಗೆ ತಂದ ಆ ಖೆಡ್ಡಾಕ್ಕೆ ಹೋಗಿದ್ದರಂತೆ. ಇವರು ಎಳೆಯ ಮಗುವಾಗಿದ್ದಾಗಲೇ ತಂದೆ ತೀರಿಕೊಂಡದ್ದರಿಂದ ಮುಖದ ನೆನಪಿಲ್ಲವಂತೆ. ಹುಡುಗ ಆ ಭಾಗವನ್ನು ನಾಲ್ಕಾರು ಸಲ ಹಿಂದಕ್ಕೆ ಸರಿಸಿ ತೋರಿಸಿದನು. ದೂಳು, ಓಡುವ ಕಾಲುಗಳು, ಒಂದು ಕ್ಷಣ ತಿರುಗಿ ಮರೆಯಾಗುವ ಮುಖಗಳು. ಅವುಗಳಲ್ಲಿ ಅವರ ತಂದೆ ಇದ್ದರೋ ಇಲ್ಲವೋ ಹೇಳಬಲ್ಲವರು ಯಾರು?

ಕೊನೆಗೆ ಅವರು ಕೇಳಿದ ಮಾತು ಇದು: "ಹೆಸ್ರು ಬರ್ದವ್ರಾ ಬುದ್ದಿ, ಇದ್ರಾಗೆ?"

ಬರೆದಿರಲಿಲ್ಲ. ಐವತ್ತು ವರ್ಷಗಳ ಹಿಂದೆ ಗುರುಗಳ ಮುಂದೆ ತಲೆ ತಗ್ಗಿಸಿದಂತೆಯೇ ಅಂದೂ ತಗ್ಗಿಸಿದೆವು. ಪ್ರಶ್ನೆ ಒಂದೇ, ಕೇಳಿದವರು ಬೇರೆ. ಅಂಥ ಲೆಕ್ಕದ ಆಳುಗಳನ್ನು ಕಳುಹಿಸಿದ ಜಗಲಿಗಳಲ್ಲಿ ನಮ್ಮದೂ ಒಂದೆಂಬುದನ್ನು ಆ ಹಿರಿಯರಿಗೆ ಹೇಳಿದೆವು. ಅವರು ನಕ್ಕು, "ಅದ್ಯಾಕೆ ಬುಡಿ ಈಗ" ಎಂದರು. ಅವರ ಹೆಸರನ್ನೂ ಅವರ ತಂದೆಯ ಹೆಸರನ್ನೂ ಕೇಳಿ ನಮ್ಮ ಪುಸ್ತಕದಲ್ಲಿ ಬರೆದುಕೊಂಡೆವು. ಅಚ್ಚು ಮಾಡುವುದು ಬೇಡವೆಂದು ಅವರು ಕೇಳಿಕೊಂಡುದರಿಂದ ಇಲ್ಲಿ ಕೊಟ್ಟಿಲ್ಲ.

ಪತ್ರ ಬರೆದ ತಾಯಿಯವರಿಗೆ ಈಗ ನಮ್ಮ ಉತ್ತರ. ಮಕ್ಕಳನ್ನು ತಡೆಯಬೇಡಿರಿ; ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ನೋಡಲು ಬಿಡಲೂಬೇಡಿರಿ. ತಿಂಗಳಿಗೊಂದು ಸಂಜೆ ಮನೆಯವರೆಲ್ಲ ಕೂಡಿ ಒಂದು ಹಳೆಯ ಚಿತ್ರ ನೋಡಿರಿ. 'ಗಂಧದ ಗುಡಿ'ಯಿಂದ ಆರಂಭಿಸಬಹುದು. 'ಕಾಕನಕೋಟೆ' ದೊರೆತರೆ ತಪ್ಪಿಸಬೇಡಿರಿ. ಮುಗಿದ ಮೇಲೆ ಮಕ್ಕಳಿಂದ ಮೊದಲು ಕಥೆ ಹೇಳಿಸಿರಿ. ಆನಂತರ ನಮ್ಮ ಗುರುಗಳ ಪ್ರಶ್ನೆಯನ್ನು ಕೇಳಿರಿ: ಯಾರ ದುಡಿಮೆ ಇಲ್ಲಿದೆ, ಯಾರ ಹೆಸರು ಇಲ್ಲಿಲ್ಲ? ಚಿತ್ರದಲ್ಲಿ ಹೀಗೆ ನೋಡಲು ಕಲಿತ ಕಣ್ಣು ಮನೆಯ ಅಂಗಳದಲ್ಲಿಯೂ ಹಾಗೆಯೇ ನೋಡುತ್ತದೆ. ಹಾಲು ತರುವವರ, ಹೊಲಕ್ಕೆ ಬರುವ ಆಳಿನ, ಪಾತ್ರೆ ತೊಳೆಯುವ ತಾಯಿಯ ಹೆಸರು ನಮ್ಮ ಮಕ್ಕಳಿಗೆ ಗೊತ್ತಿದೆಯೆ ಎಂದು ಒಮ್ಮೆ ವಿಚಾರಿಸಿ ನೋಡಿರಿ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ಮೇಲೆ ಕಾಣುತ್ತವೆ, ಚಿಗುರು ಹುಲ್ಲಿಗೆ ಆನೆಗಳು ದಂಡಿಗೆ ಬರುತ್ತವೆ. ಮುಂದಿನ ಸಲ ಭೀಮನಕೊಲ್ಲಿಗೆ ಬಂದವರು ಸ್ವಲ್ಪ ಹೊತ್ತು ದಡದಲ್ಲಿ ಕುಳಿತು ಹೋಗಿರಿ. ಅಲ್ಲಿ ವೃದ್ಧರು ಯಾರಾದರೂ ಕುಳಿತಿದ್ದರೆ ಮಾತಾಡಿಸಿರಿ, ಹೆಸರು ಕೇಳಿರಿ.